ಪೋಷಕ ಪಾತ್ರದ ಘನತೆ: ಉಮಾಶ್ರೀ ಅವರ ರಂಗಭೂಮಿ ಮತ್ತು ಚಿತ್ರಪಯಣ

(ಶಾಲೆಯ ಶತಮಾನೋತ್ಸವ ಉಪನ್ಯಾಸ ಮಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಈ ಮಾಲೆಯಲ್ಲಿ ನನಗಿಂತ ಮೊದಲು ಮಾತನಾಡಿದವರು ಕವಿಗಳ ಬಗ್ಗೆ, ಗಡಿನಾಡಿನ ಚರಿತ್ರೆಯ ಬಗ್ಗೆ ವಿದ್ವತ್ಪೂರ್ಣವಾಗಿ ಮಾತನಾಡಿದ್ದಾರೆ. ನಾನು ಒಬ್ಬ ನಟಿಯನ್ನು ಕುರಿತು ಮಾತನಾಡಲು ಬಯಸಿದ್ದೇನೆ. ಶಾಲೆಯ ಶತಮಾನೋತ್ಸವದಲ್ಲಿ ಸಿನಿಮಾ ನಟಿಯ ಮಾತೇಕೆ ಎಂದು ಕೆಲವರಿಗಾದರೂ ಅನ್ನಿಸಿರಬಹುದು. ಆ ಪ್ರಶ್ನೆಗೆ ಉತ್ತರ ಈ ಮಾತುಗಳ ಕೊನೆಯ ಹೊತ್ತಿಗೆ ದೊರೆಯುತ್ತದೆಂಬ ಭರವಸೆ ನನ್ನದು.

ಆ ನಟಿ ನಿಮಗೆ ಅಪರಿಚಿತರಲ್ಲ. ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಪುಟ್ಟಕ್ಕನನ್ನು ನೋಡದ ಮನೆ ನಮ್ಮ ತಾಳವಾಡಿ ಸೀಮೆಯಲ್ಲಿ ಅಪರೂಪ. ಗಂಡುಮಗು ಹುಟ್ಟಲಿಲ್ಲವೆಂದು ಗಂಡನಿಂದ ದೂರವಾಗಿ, ಮೆಸ್ ನಡೆಸಿ, ಮೂವರು ಹೆಣ್ಣುಮಕ್ಕಳನ್ನು ತಲೆಯೆತ್ತಿ ನಿಲ್ಲುವಂತೆ ಬೆಳೆಸುವ ಆ ತಾಯಿಯ ಪಾತ್ರವನ್ನು ನಿರ್ವಹಿಸಿದವರು ಶ್ರೀಮತಿ ಉಮಾಶ್ರೀ. ಪುಟ್ಟಕ್ಕ ಕಿರುತೆರೆಗೆ ಬಂದದ್ದು 2021ರ ಕೊನೆಯಲ್ಲಿ. ಅದಕ್ಕೂ ಹಿಂದೆ ಸುಮಾರು ನಾಲ್ಕು ದಶಕಗಳ ದುಡಿಮೆಯಿದೆ. ನಾನು ಹೇಳಹೊರಟಿರುವುದು ಹೆಚ್ಚಾಗಿ ಆ ದುಡಿಮೆಯ ಕಥೆ.

ಮೊದಲಿಗೆ ಒಂದು ಶಬ್ದದ ವಿಚಾರ. ಚಿತ್ರರಂಗದಲ್ಲಿ ನಾಯಕ, ನಾಯಕಿಯರನ್ನು ಬಿಟ್ಟು ಉಳಿದ ಮುಖ್ಯ ಪಾತ್ರಗಳನ್ನು ನಾವು ‘ಪೋಷಕ ಪಾತ್ರ’ ಎಂದು ಕರೆಯುತ್ತೇವೆ. ಶಾಲೆಯಲ್ಲಿ ಮಕ್ಕಳ ತಂದೆತಾಯಿಯರನ್ನು ‘ಪೋಷಕರು’ ಎನ್ನುತ್ತೇವೆ. ಎರಡು ಕಡೆಯೂ ಶಬ್ದ ಒಂದೇ. ತಾನು ಮುಂದೆ ನಿಲ್ಲದೆ ಇನ್ನೊಬ್ಬರು ನಿಲ್ಲುವಂತೆ ಮಾಡುವವರು ಪೋಷಕರು. ಕಥೆಯಲ್ಲಿ ಅತ್ತೆ, ಅಜ್ಜಿ, ಸೂಲಗಿತ್ತಿ, ಜಗಳಗಂಟಿ ನೆರೆಮನೆಯವಳು ಇವರೆಲ್ಲ ಇಲ್ಲದಿದ್ದರೆ ನಾಯಕಿಗೆ ಊರೂ ಇಲ್ಲ, ಮನೆಯೂ ಇಲ್ಲ. ಆದರೂ ಜಾಹೀರಾತಿನ ಚಿತ್ರದಲ್ಲಿ ಅವರ ಮುಖ ಮೂಲೆಗೆ ಸರಿದಿರುತ್ತದೆ. ಉಮಾಶ್ರೀ ಅವರು ಬಹುಕಾಲ ಆ ಮೂಲೆಯಲ್ಲಿ ನಿಂತವರು.

ನಮ್ಮ ನಾಡಿನಲ್ಲಿ ಹೆಣ್ಣು ರಂಗವೇರುವುದೇ ಒಂದು ಹೋರಾಟವಾಗಿತ್ತು. ವೃತ್ತಿ ನಾಟಕ ಕಂಪನಿಗಳ ಆರಂಭದ ದಿನಗಳಲ್ಲಿ ಸೀತೆ, ದ್ರೌಪದಿಯರ ಪಾತ್ರಗಳನ್ನು ಸೀರೆಯುಟ್ಟ ಗಂಡಸರೇ ಮಾಡುತ್ತಿದ್ದರು. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬಿ. ಜಯಮ್ಮನವರಂಥ ಕಲಾವಿದೆಯರು ಹೆಸರು ಗಳಿಸಿದ ಮೇಲೆ ಆ ಕಟ್ಟು ಸಡಿಲವಾಯಿತು. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ದಲ್ಲಿ ಸುಲೋಚನೆಯಾಗಿ ತ್ರಿಪುರಾಂಬ ಅವರೂ ಮಂಡೋದರಿಯಾಗಿ ಲಕ್ಷ್ಮೀಬಾಯಿ ಅವರೂ ಅಭಿನಯಿಸಿದರು. ಮೈಸೂರಿನಲ್ಲಿ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನೇ ಕಟ್ಟಿ, ಕಂಸ, ರಾವಣರ ಪಾತ್ರಗಳನ್ನು ತಾವೇ ನಿರ್ವಹಿಸಿ, ಹಳೆಯ ಲೆಕ್ಕವನ್ನು ತಿರುಗಿಸಿ ಬರೆದರು. ಇಂಥ ಹಿರಿಯರು ಸವೆಸಿದ ದಾರಿಯಲ್ಲಿ ಬಂದವರು ಉಮಾಶ್ರೀ.

ಅವರು ಹುಟ್ಟಿದ್ದು 1957ರಲ್ಲಿ, ತುಮಕೂರು ಜಿಲ್ಲೆ ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ. ಬದುಕು ಅವರಿಗೆ ಹೂವಿನ ಹಾಸಿಗೆಯಾಗಿರಲಿಲ್ಲ. ಇಬ್ಬರು ಮಕ್ಕಳನ್ನು ಸಾಕುವ ಹೊಣೆಯನ್ನು ತಾವೊಬ್ಬರೇ ಹೊತ್ತು ದುಡಿದ ದಿನಗಳನ್ನು ಅವರು ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಅವರಿಗೆ ಅಭಿನಯವು ಹವ್ಯಾಸವಾಗಿ ಉಳಿಯಲು ಸಾಧ್ಯವಿರಲಿಲ್ಲ. ಅದು ಅನ್ನದ ದಾರಿಯೂ ಆಗಬೇಕಿತ್ತು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡರೆ ಅವರ ಮುಂದಿನ ಆಯ್ಕೆಗಳು ನಮಗೆ ಸರಿಯಾಗಿ ಅರ್ಥವಾಗುತ್ತವೆ.

ರಂಗಭೂಮಿಯಲ್ಲಿ ಅವರನ್ನು ನಾಡು ಗುರುತಿಸಿದ್ದು ‘ಒಡಲಾಳ’ ನಾಟಕದ ಸಾಕವ್ವನ ಪಾತ್ರದಿಂದ. ದೇವನೂರ ಮಹಾದೇವ ಅವರ ಆ ಕಿರುಕಾದಂಬರಿಯನ್ನು ಸಿ.ಜಿ. ಕೃಷ್ಣಸ್ವಾಮಿ ಅವರು, ಅಂದರೆ ರಂಗಾಸಕ್ತರ ಬಾಯಲ್ಲಿ ಸಿಜಿಕೆ ಅವರು, ರಂಗಕ್ಕೆ ತಂದರು. ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಹೊಲಗೇರಿಯ ಮುದುಕಿ ಸಾಕವ್ವ ತನ್ನ ಕಳೆದುಹೋದ ಹುಂಜವನ್ನು ಹುಡುಕುತ್ತಾಳೆ. ಹಸಿದ ಮನೆಮಂದಿಯೆಲ್ಲ ಒಂದು ರಾತ್ರಿ ಕದ್ದು ತಂದ ಕಡಲೆಕಾಯಿಯ ಸುತ್ತ ಕುಳಿತು ಹಬ್ಬದಂತೆ ತಿನ್ನುತ್ತಾರೆ. ಆ ಮನೆಯ ಗೋಡೆಯ ಮೇಲೆ ಪುಟ್ಟಗೌರಿ ಎಂಬ ಹುಡುಗಿ ನವಿಲಿನ ಚಿತ್ರ ಬಿಡಿಸುತ್ತಾಳೆ. ಬೆಳಗಾದರೆ ಪೊಲೀಸರು ಮನೆ ಹುಡುಕಲು ಬರುತ್ತಾರೆ. ಇಷ್ಟೇ ಕಥೆ. ಆದರೆ ಹಸಿವು, ಮಮತೆ, ಸಿಟ್ಟು, ಅವಮಾನ ಎಲ್ಲವೂ ಒಂದೇ ಮನೆಯಲ್ಲಿ ಉಸಿರಾಡುವುದನ್ನು ಅದು ತೋರಿಸುತ್ತದೆ.

ಸಾಕವ್ವ ಮುದುಕಿ, ಉಮಾಶ್ರೀ ಅವರಾದರೋ ಆಗ ಎಳೆಯ ವಯಸ್ಸಿನವರು. ತಲೆಗೆ ಬಿಳಿ ಬಣ್ಣ ಬಳಿದು ಬೆನ್ನು ಬಗ್ಗಿಸಿದ ಮಾತ್ರಕ್ಕೆ ಮುದುಕಿಯಾಗಲು ಬರುವುದಿಲ್ಲ. ಸಾಕವ್ವನ ಮುದಿತನ ಇರುವುದು ಅವಳ ಮಾತಿನಲ್ಲಿ. ಬೈಗುಳದ ಒಳಗೇ ಮುದ್ದು, ಮುದ್ದಿನ ಒಳಗೇ ಲೆಕ್ಕಾಚಾರ. ಆ ಮಾತು ನಂಜನಗೂಡು, ಚಾಮರಾಜನಗರ ಸೀಮೆಯ ಕನ್ನಡ. ನೊಣವಿನಕೆರೆಯ ಕನ್ನಡಕ್ಕೂ ಅದಕ್ಕೂ ಏರಿಳಿತ ಬೇರೆ, ಕೊನೆಯ ಅಕ್ಷರ ಬೇರೆ, ಕರೆಯುವ ಬಗೆ ಬೇರೆ. ತಿಪಟೂರು ಸೀಮೆಯ ಹೆಣ್ಣುಮಗಳೊಬ್ಬರು ಅದನ್ನು ಕಿವಿಯಿಂದ ಕಲಿತು, ನಾಲಗೆಯ ಮೇಲೆ ಪಳಗಿಸಿ, ತಮ್ಮದೇ ತಾಯ್ಮಾತೆಂಬಂತೆ ಆಡಿದರು. ಮುದುಕಿಯ ಬೆನ್ನೂ ನಡಿಗೆಯೂ ಆ ಮಾತಿನ ಹಿಂದೆ ತಾವಾಗಿ ಬಂದವು.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸಾಕವ್ವನ ಮಾತು ಯಾರ ಮಾತು? ಅದು ನಮ್ಮ ಮಾತು. 1956ರಲ್ಲಿ ಭಾಷಾವಾರು ಗೆರೆ ಎಳೆದಾಗ ತಾಳವಾಡಿ ಮದ್ರಾಸ್ ರಾಜ್ಯದಲ್ಲೇ ಉಳಿಯಿತು. ಅತ್ತ ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ಇತ್ತ ಚಾಮರಾಜನಗರ ಹತ್ತಿರದ ಪೇಟೆ. ಗೆರೆ ಎಲ್ಲೇ ಇರಲಿ, ನಮ್ಮ ಮನೆಗಳಲ್ಲಿ ‘ಮನೆಗೆ’ ಎಂಬುದು ‘ಮನಗ’ ಆಗಿಯೇ ಇದೆ, ‘ಹೋಗುತ್ತೇನೆ’ ಎಂಬುದು ‘ಹೋಯ್ತಿನಿ’ ಆಗಿಯೇ ಇದೆ. ಆದರೆ ನಮ್ಮ ತರಗತಿಗಳಲ್ಲಿ ಒಬ್ಬ ಮಗು ಎದ್ದುನಿಂತು ‘ಮನಗ ಹೋಯ್ತಿನಿ ಮಿಸ್’ ಎಂದರೆ ಉಳಿದ ಮಕ್ಕಳು ನಗುತ್ತಾರೆ. ನಕ್ಕವರ ಮನೆಯಲ್ಲೂ ಅದೇ ಮಾತು. ಹೀಗೆ ನಗಿಸಿಕೊಂಡ ಮಗು ಮರುದಿನದಿಂದ ಎದ್ದು ನಿಲ್ಲುವುದನ್ನೇ ಬಿಡುತ್ತದೆ. ನಮ್ಮ ಶಿಕ್ಷಕರೆಲ್ಲರೂ ಇದನ್ನು ಕಂಡಿದ್ದೇವೆ. ಯಾವ ಮಾತಿಗೆ ಇಲ್ಲಿ ನಗೆ ಸಿಕ್ಕಿತೋ ಅದೇ ಮಾತಿಗೆ ಬೆಂಗಳೂರಿನ ರಂಗಮಂದಿರದಲ್ಲಿ ವಿದ್ಯಾವಂತರು ಕಣ್ಣೀರು ಹಾಕಿ ಚಪ್ಪಾಳೆ ತಟ್ಟಿದರು. ಮಾತು ಬದಲಾಗಿರಲಿಲ್ಲ. ಅದನ್ನು ನಾಚಿಕೆಯಿಲ್ಲದೆ, ಶ್ರದ್ಧೆಯಿಂದ ಆಡುವವರೊಬ್ಬರು ಸಿಕ್ಕಿದ್ದರು, ಅಷ್ಟೇ.

ಇಷ್ಟು ದೊಡ್ಡ ಪಾತ್ರವನ್ನು ಗೆದ್ದ ಕಲಾವಿದೆಗೆ ಚಿತ್ರರಂಗ ಏನು ಕೊಟ್ಟಿತು? ಈ ಭಾಗವನ್ನು ಮರೆಮಾಚಿ ಮುಂದೆ ಹೋಗುವುದು ಸುಲಭ. ಹಾಗೆ ಮಾಡುವುದು ಅವರಿಗೆ ಗೌರವ ತರುವುದಿಲ್ಲ. 1984ರಲ್ಲಿ ಕಾಶೀನಾಥ್ ಅವರ ‘ಅನುಭವ’ ಚಿತ್ರದಿಂದ ಅವರು ಮನೆಮಾತಾದರು. ಆಮೇಲೆ ಬಂದ ಪಾತ್ರಗಳಲ್ಲಿ ಬಹುಪಾಲು ಹಾಸ್ಯದವು. ಅವುಗಳಲ್ಲಿ ಹಲವು ದ್ವಂದ್ವಾರ್ಥದ ಸಂಭಾಷಣೆಯವು. ಆ ಕಾಲದ ಚಿತ್ರಗಳಲ್ಲಿ ಹಾಸ್ಯದ ಹೆಣ್ಣೆಂದರೆ ಗಂಡಸರ ನಗೆಗೆ ಗುರಿಯಾಗುವವಳು ಎಂಬ ಸಿದ್ಧ ಅಚ್ಚು ಇತ್ತು. ಸಾಕವ್ವನನ್ನು ಕಂಡವರು ಇವರಿಗೆ ಇದೇಕೆ ಎಂದು ನೊಂದುಕೊಂಡರು. ಸಾಕವ್ವನನ್ನು ಕಾಣದವರು ಇವರಿಗೆ ಇಷ್ಟೇ ಬರುವುದೆಂದು ತೀರ್ಮಾನಿಸಿದರು. ಸಂಭಾಷಣೆ ಬರೆದವರನ್ನೂ ಅದನ್ನು ಚಿತ್ರಿಸಿದವರನ್ನೂ ಹಣ ಕೊಟ್ಟು ನಕ್ಕವರನ್ನೂ ಯಾರೂ ಕೇಳಲಿಲ್ಲ. ಮಾತಿನ ಭಾರವನ್ನೆಲ್ಲ ಅದನ್ನಾಡಿದ ಹೆಣ್ಣಿನ ತಲೆಯ ಮೇಲೆ ಹೊರಿಸಲಾಯಿತು.

ಆ ಪಾತ್ರಗಳೆಲ್ಲ ಒಳ್ಳೆಯವೆಂದು ನಾನು ವಾದಿಸುವುದಿಲ್ಲ. ಶಾಲೆಯ ಮಕ್ಕಳಿಗೆ ತೋರಿಸಲಾಗದ ಎಷ್ಟೋ ದೃಶ್ಯಗಳು ಅವುಗಳಲ್ಲಿವೆ. ಆದರೆ ಅಂಥ ಕಡೆಯೂ ಅವರು ಕೆಲಸವನ್ನು ಹಗುರವಾಗಿ ಮಾಡಲಿಲ್ಲವೆಂಬುದನ್ನು ಗಮನಿಸಬೇಕು. ಎಲ್ಲಿ ತಡೆದು ನಿಲ್ಲಬೇಕು, ಎಲ್ಲಿ ದನಿಯನ್ನು ಏರಿಸಬೇಕು, ಎದುರಿನ ನಟನ ಮಾತು ಮುಗಿಯುವ ಮೊದಲೇ ಕಣ್ಣಿನಲ್ಲಿ ಹೇಗೆ ಉತ್ತರ ಕೊಡಬೇಕು ಎಂಬ ರಂಗದ ಶಿಸ್ತು ಅಲ್ಲಿಯೂ ಕಾಣುತ್ತದೆ. ಹಾಸ್ಯವನ್ನು ಹೊತ್ತಿಗೆ ಸರಿಯಾಗಿ ಆಡುವುದು ಅಳುವುದಕ್ಕಿಂತ ಕಷ್ಟವೆಂದು ರಂಗಭೂಮಿಯ ಹಿರಿಯರು ಹೇಳುವುದುಂಟು. ಕೊಟ್ಟ ಕೆಲಸ ಚಿಕ್ಕದೆಂದು ಕಲಾವಿದೆ ತನ್ನ ಶ್ರಮವನ್ನು ಚಿಕ್ಕದು ಮಾಡಿಕೊಳ್ಳಲಿಲ್ಲ. ಅದರಿಂದಲೇ ದೊಡ್ಡ ಕೆಲಸ ಬಂದಾಗ ಅವರು ಸಿದ್ಧರಾಗಿದ್ದರು.

ತೊಂಬತ್ತರ ದಶಕದಲ್ಲಿ ನಿಧಾನವಾಗಿ ಬೇರೆ ಬಗೆಯ ಪಾತ್ರಗಳು ಬಂದವು. ಕುಂ. ವೀರಭದ್ರಪ್ಪನವರ ಕಥೆಯನ್ನಾಧರಿಸಿ ನಾಗತಿಹಳ್ಳಿ ಚಂದ್ರಶೇಖರ ಅವರು 1994ರಲ್ಲಿ ನಿರ್ದೇಶಿಸಿದ ‘ಕೊಟ್ರೇಶಿ ಕನಸು’ ಚಿತ್ರದಲ್ಲಿ, ಓದಿನ ಆಸೆ ಹೊತ್ತ ಬಡ ಹುಡುಗನ ಆ ಕಥೆಯಲ್ಲಿ, ಅವರಿದ್ದರು. 1995ರಲ್ಲಿ ರವಿಚಂದ್ರನ್ ಅವರ ‘ಪುಟ್ನಂಜ’ ತೆರೆಕಂಡಿತು. ಅದರಲ್ಲಿ ನಾಯಕನ ಅಜ್ಜಿಯಾಗಿ ಉಮಾಶ್ರೀ ಅಭಿನಯಿಸಿದಾಗ ಅವರಿಗೆ ನಲವತ್ತು ಕೂಡ ತುಂಬಿರಲಿಲ್ಲ. ನಾಯಕಿಯರು ವಯಸ್ಸನ್ನು ಮುಚ್ಚಿಡುವ ಕ್ಷೇತ್ರದಲ್ಲಿ ಇವರು ತಮಗಿಲ್ಲದ ವಯಸ್ಸನ್ನು ಮೈಮೇಲೆ ಹೊದ್ದುಕೊಂಡರು. ಹಿಂದೆ ಸಾಕವ್ವನಾಗಿ ಕಲಿತ ಪಾಠ ಅಲ್ಲಿ ಫಲ ಕೊಟ್ಟಿತು. ಹಳ್ಳಿಯ ಜನ ಆ ಅಜ್ಜಿಯಲ್ಲಿ ತಮ್ಮ ಮನೆಯ ಅಜ್ಜಿಯನ್ನೇ ಕಂಡರು.

ಅವರ ಚಿತ್ರಜೀವನದ ಶಿಖರವೆಂದರೆ ಗಿರೀಶ ಕಾಸರವಳ್ಳಿ ಅವರ ‘ಗುಲಾಬಿ ಟಾಕೀಸ್’. ವೈದೇಹಿಯವರ ಸಣ್ಣಕಥೆಯ ಎಳೆ ಹಿಡಿದು, ಅದನ್ನು ಬೇರೆ ಕಾಲಕ್ಕೆ, ಬೇರೆ ಸನ್ನಿವೇಶಕ್ಕೆ ವಿಸ್ತರಿಸಿ ರೂಪಿಸಿದ ಚಿತ್ರವದು. ಕುಂದಾಪುರದ ಸಮೀಪದ ಮೀನುಗಾರರ ಕುದ್ರುವಿನಲ್ಲಿ ಗುಲಾಬಿ ಎಂಬ ಮುಸ್ಲಿಂ ಸೂಲಗಿತ್ತಿ ಒಬ್ಬಳೇ ಇದ್ದಾಳೆ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ದೂರವಾಗಿದ್ದಾನೆ. ಅವಳಿಗಿರುವ ಒಂದೇ ಸುಖ ಸಿನಿಮಾ ನೋಡುವುದು. ಹೆರಿಗೆ ಮಾಡಿಸಿದ ಋಣಕ್ಕೆ ಒಂದು ಮನೆಯವರು ಅವಳಿಗೆ ಟಿ.ವಿ.ಯನ್ನೂ ಡಿಶ್ ಆಂಟೆನಾವನ್ನೂ ಕೊಡಿಸುತ್ತಾರೆ. ಅಲ್ಲಿಯವರೆಗೆ ಅವಳ ಹೊಸ್ತಿಲು ತುಳಿಯದ ಹೆಂಗಸರೆಲ್ಲ ಈಗ ಅವಳ ಮನೆಯಲ್ಲಿ ಕೂಡುತ್ತಾರೆ. ಆದರೆ ಕಾರ್ಗಿಲ್ ಯುದ್ಧದ ಹೊತ್ತು. ಮೀನುಗಾರಿಕೆಯ ವ್ಯಾಪಾರದ ಜಗಳ ಧರ್ಮದ ಜಗಳವಾಗಿ ತಿರುಗುತ್ತದೆ. ಊರಿನ ಎಷ್ಟೋ ಮಕ್ಕಳನ್ನು ಭೂಮಿಗೆ ತಂದ ಕೈಗಳು ಪರಕೀಯವಾಗುತ್ತವೆ. ಕೊನೆಗೆ ಗುಲಾಬಿ ದೋಣಿ ಹತ್ತಿ ಊರು ಬಿಡಬೇಕಾಗುತ್ತದೆ.

ಈ ಪಾತ್ರದಲ್ಲಿ ಉಮಾಶ್ರೀ ಆಡಿದ್ದು ಕುಂದಾಪುರದ ಕನ್ನಡ. ‘ಹೋಯ್ಕ್’, ‘ಬಪ್ಪುದು’ ಎನ್ನುವ ಆ ಕನ್ನಡ ನಮ್ಮ ಕಿವಿಗೆ ಎಷ್ಟು ದೂರವೋ ಅವರ ಕಿವಿಗೂ ಅಷ್ಟೇ ದೂರ. ಇಲ್ಲಿ ಅವರು ತಮ್ಮ ಗಟ್ಟಿ ದನಿಯನ್ನು ತಗ್ಗಿಸಿದರು. ಸಿನಿಮಾ ನೋಡುವಾಗ ಮಗುವಿನಂತೆ ಅರಳುವ ಮುಖ, ಮನೆಗೆ ಬಂದವರಿಗಾಗಿ ಸಂಭ್ರಮ, ಜನ ದೂರವಾಗತೊಡಗಿದಾಗ ಏನಾಯಿತೆಂದು ತಿಳಿಯದ ದಿಗ್ಭ್ರಮೆ ಇವೆಲ್ಲವೂ ದೊಡ್ಡ ಸಂಭಾಷಣೆಗಳಿಲ್ಲದೆ ನಮ್ಮನ್ನು ಮುಟ್ಟುತ್ತವೆ. 2007ನೆಯ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಅವರಿಗೆ ಈ ಪಾತ್ರಕ್ಕಾಗಿ ಬಂದಿತು. ಅದಕ್ಕೂ ಹಿಂದೆ ಕನ್ನಡ ಚಿತ್ರಗಳ ಅಭಿನಯಕ್ಕಾಗಿ ಈ ಗೌರವ ಪಡೆದವರು ‘ಕಾಡು’ ಚಿತ್ರದ ನಂದಿನಿ ಭಕ್ತವತ್ಸಲ ಮತ್ತು ‘ಹಸೀನಾ’ ಚಿತ್ರದ ತಾರಾ. ಅನುಭವದ ಆ ಹಾಸ್ಯನಟಿಗೂ ಗುಲಾಬಿಗೂ ನಡುವೆ ಎರಡು ದಶಕಗಳಿಗೂ ಹೆಚ್ಚಿನ ಕಾಲವಿತ್ತು. ಅವರಲ್ಲಿದ್ದ ಕಲೆ ಆ ಇಪ್ಪತ್ತು ವರ್ಷಗಳಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. ಸಾಕವ್ವನ ದಿನಗಳಿಂದಲೂ ಅದು ಅಲ್ಲೇ ಇತ್ತು. ಅದಕ್ಕೆ ತಕ್ಕ ಪಾತ್ರ ಬರಬೇಕಿತ್ತು.

ಮುಂದೆ ಅವರು ಸಾರ್ವಜನಿಕ ಜೀವನದಲ್ಲೂ ಹೊಣೆ ಹೊತ್ತರು. 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾಗಿ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಹಾಗೂ ಕನ್ನಡ ಮತ್ತು ಸಂಸ್ಕೃತಿ ಖಾತೆಗಳ ಸಚಿವೆಯಾಗಿ ಕೆಲಸ ಮಾಡಿದರು. ರಾಜಕೀಯದ ವಿಮರ್ಶೆ ಈ ವೇದಿಕೆಯ ವಿಷಯವಲ್ಲ. ನಾನು ಗಮನಿಸುವುದು ಅವರು ಆಮೇಲೆ ಏನು ಮಾಡಿದರೆಂಬುದನ್ನು. ಅಧಿಕಾರದ ದಿನಗಳು ಮುಗಿದ ಮೇಲೆ ಅವರು ಮತ್ತೆ ರಂಗಕ್ಕೆ ಬಂದರು. ಬೇಲೂರು ರಘುನಂದನ್ ಬರೆದು ಚಿದಂಬರರಾವ್ ಜಂಬೆ ನಿರ್ದೇಶಿಸಿದ ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕವನ್ನು ಅರವತ್ತು ದಾಟಿದ ವಯಸ್ಸಿನಲ್ಲಿ ಕೈಗೆತ್ತಿಕೊಂಡರು. ಏಕವ್ಯಕ್ತಿ ಪ್ರದರ್ಶನದಲ್ಲಿ ಮಾತು ಮರೆತರೆ ಎತ್ತಿಕೊಡಲು ಎದುರು ಪಾತ್ರವಿಲ್ಲ; ದಣಿದರೆ ಒಳಗೆ ಹೋಗಿ ಕೂರುವಂತಿಲ್ಲ. ಅದರಲ್ಲೂ ಅವರು ನಿಂತದ್ದು ಶರ್ಮಿಷ್ಠೆಯಾಗಿ. ಮಹಾಭಾರತದಲ್ಲಿ ಅವಳು ವೃಷಪರ್ವ ರಾಜನ ಮಗಳಾಗಿ ಹುಟ್ಟಿಯೂ ದೇವಯಾನಿಯ ದಾಸಿಯಾಗಿ ಹಿಂದೆ ನಿಲ್ಲಬೇಕಾದವಳು. ಮಹಾಕಾವ್ಯದ ಪೋಷಕ ಪಾತ್ರವೊಂದು ಅವರ ಮೂಲಕ ರಂಗದ ನಡುವಿಗೆ ಬಂದಿತು.

ಈಗ ಮೊದಲ ಪ್ರಶ್ನೆಗೆ ಬರೋಣ. ನಮ್ಮ ಶಾಲೆಗೆ ಇದರಿಂದೇನು?

ಬಂಧುಗಳೇ, ನಾಟಕ ನಮ್ಮ ಸೀಮೆಗೆ ಹೊಸದಲ್ಲ. ಗಾಜನೂರು ನಮ್ಮ ಮಗ್ಗುಲಲ್ಲೇ ಇದೆ. ಅಲ್ಲಿಯ ನಂಟಿನ ಪುಟ್ಟಸ್ವಾಮಯ್ಯನವರೂ ಅವರ ಮಗ ಮುತ್ತುರಾಜರೂ ಗುಬ್ಬಿ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಆ ಮುತ್ತುರಾಜರೇ 1954ರಲ್ಲಿ ‘ಬೇಡರ ಕಣ್ಣಪ್ಪ’ನಾಗಿ, ಡಾ. ರಾಜ್‌ಕುಮಾರರಾಗಿ ನಾಡನ್ನೆಲ್ಲ ಗೆದ್ದರು. ಅವರನ್ನು ನಮ್ಮವರೆಂದು ಎದೆಯುಬ್ಬಿಸಿ ಹೇಳುತ್ತೇವೆ. ಅದೇ ನಾವು, ಶಾಲಾ ವಾರ್ಷಿಕೋತ್ಸವದ ನಾಟಕಕ್ಕೆ ಹೆಣ್ಣುಮಕ್ಕಳನ್ನು ಕಳುಹಿಸಿ ಎಂದರೆ ಹಿಂದೆಮುಂದೆ ನೋಡುತ್ತೇವೆ. ಎಂಟನೆಯ ತರಗತಿಯವರೆಗೆ ಹಾಡಿ ಕುಣಿಯುವ ಹುಡುಗಿ ಒಂಬತ್ತಕ್ಕೆ ಬಂದಳೆಂದರೆ ‘ಸಾಕು ಟೀಚರ್, ದೊಡ್ಡವಳಾದಳು, ನೆಂಟರಿಷ್ಟರು ಏನಂದುಕೊಳ್ಳುತ್ತಾರೆ’ ಎಂಬ ಮಾತು ಪ್ರತಿವರ್ಷ ನನ್ನ ಕೋಣೆಗೆ ಬರುತ್ತದೆ. ಅವಳ ಪಾತ್ರವನ್ನು ಕೊನೆಗೆ ಹುಡುಗನೊಬ್ಬ ಸೀರೆಯುಟ್ಟು ಮಾಡುತ್ತಾನೆ. ನೂರು ವರ್ಷ ಹಿಂದಿನ ಕಂಪನಿ ನಾಟಕದ ಸ್ಥಿತಿ ನಮ್ಮ ಅಂಗಳದಲ್ಲಿ ಇನ್ನೂ ಉಳಿದಿದೆ. ಉಮಾಶ್ರೀ ಅವರ ಬಗ್ಗೆ ಊರು ಏನೇನೋ ಅಂದುಕೊಂಡಿತು. ಅದಕ್ಕೆ ಅವರು ಜಗಳವಾಡಲಿಲ್ಲ. ಕೆಲಸದಿಂದ ಉತ್ತರ ಕೊಟ್ಟರು. ನಮ್ಮ ಹುಡುಗಿಯರಿಗೆ ಅಂಥ ಉತ್ತರ ಕೊಡುವ ಅವಕಾಶವಾದರೂ ಸಿಗಬೇಡವೇ?

ಎರಡನೆಯದು ಮಾತಿನ ಸಂಗತಿ. ನಮ್ಮ ಮಕ್ಕಳು ಮನೆಯಲ್ಲಿ ಒಂದು ಕನ್ನಡ, ಪಠ್ಯದಲ್ಲಿ ಇನ್ನೊಂದು ಕನ್ನಡ, ಕಚೇರಿಯಲ್ಲಿ, ಬಸ್ಸಿನಲ್ಲಿ ತಮಿಳು, ಮುಂದಿನ ಓದಿಗೆ ಇಂಗ್ಲಿಷ್ ಹೀಗೆ ನಾಲ್ಕು ಮಾತುಗಳ ನಡುವೆ ಬೆಳೆಯುತ್ತಾರೆ. ಇದನ್ನು ಭಾರವೆಂದು ಮರುಗುವ ಪೋಷಕರಿದ್ದಾರೆ. ಆದರೆ ಒಬ್ಬ ನಟಿ ದಶಕಗಳ ಕಾಲ ದುಡಿದು ಗಳಿಸಿಕೊಂಡ ಕಿವಿಯ ಸೂಕ್ಷ್ಮವನ್ನು ಈ ಮಕ್ಕಳು ಹುಟ್ಟಿನಿಂದಲೇ ಪಡೆದಿದ್ದಾರೆ. ಗ್ರಂಥಸ್ಥ ಕನ್ನಡವನ್ನು ನಾವು ಶುದ್ಧವಾಗಿ ಕಲಿಸೋಣ. ಪರೀಕ್ಷೆಗೆ, ಪತ್ರಕ್ಕೆ, ವಾದಕ್ಕೆ ಅದು ಬೇಕು. ಅದನ್ನು ಕಲಿಸುವ ನೆಪದಲ್ಲಿ ಮನೆಯ ಮಾತನ್ನು ಕೊಳಕೆಂದು ಹೇಳುವುದು ಬೇಡ. ಮನೆಮಾತಿಗೆ ನಾಚಿದ ಮಗು ಬಹುಬೇಗ ಭಾಷೆಗೇ ನಾಚುತ್ತದೆ. ಗಡಿಯಲ್ಲಿ ಕನ್ನಡ ಶಾಲೆಯ ಬೆಂಚುಗಳು ಬರಿದಾಗುವುದಕ್ಕೆ ಅನ್ಯಭಾಷೆಗಳ ಒತ್ತಡವೊಂದೇ ಕಾರಣವಲ್ಲ. ಈ ನಾಚಿಕೆಯ ಪಾಲೂ ಅದರಲ್ಲಿದೆ.

ಆದ್ದರಿಂದ ಶತಮಾನೋತ್ಸವದ ಸಮಾರೋಪಕ್ಕೆ ನಾವು ಒಂದು ನಾಟಕವನ್ನು ಸಿದ್ಧಪಡಿಸಲಿದ್ದೇವೆ. ಅದರಲ್ಲಿ ಹೆಣ್ಣಿನ ಪಾತ್ರಗಳನ್ನು ನಮ್ಮ ಹೆಣ್ಣುಮಕ್ಕಳೇ ಮಾಡುತ್ತಾರೆ, ಮತ್ತು ಅವರು ನಮ್ಮ ಸೀಮೆಯ ಮಾತನ್ನೇ ಆಡುತ್ತಾರೆ. ಅಭ್ಯಾಸ ಶಾಲೆಯ ಸಮಯದಲ್ಲೇ, ಶಿಕ್ಷಕಿಯರ ಸಮ್ಮುಖದಲ್ಲೇ ನಡೆಯುತ್ತದೆ. ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ: ಕಳುಹಿಸಿಕೊಡಿ. ಮನೆಯಲ್ಲಿ ಅಜ್ಜಿಯರಿದ್ದರೆ ಅವರೂ ಒಂದು ದಿನ ಬಂದು ಮಕ್ಕಳಿಗೆ ನಮ್ಮ ಹಳೆಯ ಮಾತುಗಳನ್ನು, ಗಾದೆಗಳನ್ನು, ಬೈಗುಳಗಳನ್ನಾದರೂ ಸರಿಯೇ, ಆಡಿ ತೋರಿಸಲಿ. ಅದಕ್ಕಿಂತ ಒಳ್ಳೆಯ ಪಾಠ ನಮ್ಮ ಪುಸ್ತಕಗಳಲ್ಲಿ ಇಲ್ಲ.

ಅಭ್ಯಾಸಕ್ಕೆ ಬರುವ ಎಲ್ಲ ಹುಡುಗಿಯರೂ ನಟಿಯರಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಒಬ್ಬಳು ದಾದಿಯಾಗುತ್ತಾಳೆ, ಒಬ್ಬಳು ಶಿಕ್ಷಕಿಯಾಗುತ್ತಾಳೆ, ಒಬ್ಬಳು ಪುಟ್ಟಕ್ಕನಂತೆ ಹೋಟೆಲು ನಡೆಸಿ ಮನೆ ನಿಲ್ಲಿಸುತ್ತಾಳೆ. ಆದರೆ ನೂರು ಜನರ ಮುಂದೆ ನಿಂತು ತನ್ನ ಮಾತನ್ನು ನಡುಗದೆ ಆಡಿದ ನೆನಪು ಅವರ ಬೆನ್ನಿಗಿರುತ್ತದೆ. ಪಂಚಾಯಿತಿಯಲ್ಲಿ, ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಬೇಕಾದರೆ ಗಂಡನ ಮನೆಯಲ್ಲಿಯೂ ಆ ನೆನಪು ಕೆಲಸಕ್ಕೆ ಬರುತ್ತದೆ.

ನಾಟಕದ ಹೆಸರು ನೋಂದಣಿ ಸೋಮವಾರದಿಂದ ನನ್ನ ಕೋಣೆಯಲ್ಲೇ ಆರಂಭವಾಗುತ್ತದೆ. ತಾಯಂದಿರೇ ಮಕ್ಕಳ ಕೈಹಿಡಿದು ಬಂದು ಹೆಸರು ಬರೆಸಿದರೆ ನನಗೆ ಹೆಚ್ಚು ಸಂತೋಷ.